ಹಿಮ್ಮಡಿಯ ಕಿಟಕಿ

ಮೊದಲು ನಡುವಿನ ಪಟ್ಟಿ.
ಅದು ಬಿಗಿದ ಮೇಲೆ ಮೇಲಿನದು, ಕೊನೆಗೆ ಬೆರಳ ಕಡೆಯದು.
ಕೋಲಾರದ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ
ಗೌಸ್‌ಪೀರ್ ಸಾಬರು ಹೇಳಿಕೊಟ್ಟ ಕ್ರಮ.
ಬೂಟಿನ ಹಿಂದೆ ಹುಣಸೆಬೀಜದಷ್ಟು ತೂತು.
"ಈ ಕಿಟಕೀಲಿ ಹಿಮ್ಮಡಿ ಕಾಣ್ಬೇಕಮ್ಮ.
ಕಾಣ್ಲಿಲ್ಲ ಅಂದ್ರೆ ಕಾಲು ಕೂತಿಲ್ಲ."

ಎರಡು ಬೂಟು, ನಡುವೆ ಗೇಣುದ್ದದ ಲೋಹದ ಸರಳು.
ಎಡದ್ದು ಹೊರಕ್ಕೆ ಪೂರಾ ತಿರುಗಿ, ಬಲದ್ದು ಅರ್ಧ ತಿರುಗಿ,
ಮಾತು ಬಿಟ್ಟ ವಾರಗಿತ್ತಿಯರ ಹಾಗೆ.

ಹುಟ್ಟಿದಾಗ ಅವನ ಎಡಪಾದ
ಒಳಕ್ಕೆ ಮಡಚಿಕೊಂಡು ಬಲಗಾಲಿಗೇನೋ
ಗುಟ್ಟು ಹೇಳುತ್ತಿತ್ತು.
"ಗ್ರಹಣದ ದಿನ ಹೊಸಿಲ ಮೇಲೆ ಕೂತಿದ್ಲು" ಅಂದಳು ಅತ್ತೆ ಸೊಣ್ಣಮ್ಮ.
"ಕೋದಂಡ ಅಂತ ಬಿಲ್ಲಿನ ಹೆಸರಿಟ್ರಿ, ಕಾಲಿಗೇ ಬಂತು ಬಿಲ್ಲು" ಅಂದ ಮಾವ.
ಹೆಸರಿಟ್ಟದ್ದು ಆಮೇಲೆ ಅಂತ
ಯಾರೂ ನೆನೆಯಲಿಲ್ಲ.

ವಾರಕ್ಕೊಂದು ಪ್ಲಾಸ್ಟರ್, ಆರು ವಾರ.
ಹಿಮ್ಮಡಿಯ ಮೇಲೆ ಅಕ್ಕಿಕಾಳಿನಷ್ಟು ಗಾಯ.
"ತಿದ್ದೋ ಕೆಲಸ ಮುಗೀತು" ಅಂದರು ಸಾಬರು, ಸರಳಿನ ಸ್ಕ್ರೂ ತಿರುವುತ್ತ.
"ಕಾಲಿಗೆ ಮರೆವು ಜಾಸ್ತಿ. ನೆನಪು ಮಾಡೋಕೆ ಇದು.
ಮೂರು ತಿಂಗಳು, ದಿನಕ್ಕೆ ಇಪ್ಪತ್ತಮೂರು ಗಂಟೆ.
ಒಂದು ಗಂಟೆ ನಿಮ್ದು."

ಆ ಒಂದು ಗಂಟೆ!
ಎಣ್ಣೆ ಹಚ್ಚುವಂತಿಲ್ಲ, ಚರ್ಮ ಮೆತ್ತಗಾಗುತ್ತಂತೆ.
ಉಗುರುಬೆಚ್ಚಗಿನ ನೀರು, ಒಣಬಟ್ಟೆ,
ಆಮೇಲೆ ಬರಿಗಾಲನ್ನು ಕೆನ್ನೆಗೊತ್ತಿಕೊಂಡು
ಮುಳ್ಳು ನೋಡುತ್ತ ಕೂರುವುದು.

ಹಗಲು ನನಗೆ ಟೊಮೆಟೊ ತೋಟದ ಕೂಲಿ.
ನೀಲಗಿರಿ ಗಳುವಿಗೆ ಗಿಡ ಎತ್ತಿ ಕಟ್ಟಬೇಕು.
ದಾರದ ಕುಣಿಕೆಯಲ್ಲಿ ಒಂದು ಬೆರಳು ಆಡಬೇಕು:
ಬಿಗಿದರೆ ದಂಟು ಕೊಯ್ಯುತ್ತೆ,
ಸಡಿಲ ಬಿಟ್ಟರೆ ಕಾಯಿ ಮಣ್ಣು ಮುಟ್ಟುತ್ತೆ.
ದಿನಕ್ಕೆ ಸಾವಿರ ಗಂಟು ಹಾಕುವ ಈ ಕೈ
ಸಂಜೆ ಮೂರು ಬಕಲಿಗೆ ನಡುಗುತ್ತಿತ್ತು.
ಗಿಡ ಅಳುವುದಿಲ್ಲ ನೋಡಿ.

ಒಮ್ಮೆ ಹದಿನೈದು ದಿನ ಮಂಡಿಯಲ್ಲಿ ರಾತ್ರಿ ಪಾಳಿ,
ಹಣ್ಣು ಆರಿಸಿ ಕ್ರೇಟಿಗೆ ತುಂಬುವ ಕೆಲಸ.
ಮಗು ಕಿರುಚಿದಾಗೆಲ್ಲ ಅತ್ತೆ ಬೂಟು ಬಿಚ್ಚಿ ಮಲಗಿಸಿ
ನಾನು ಬರುವ ಮೊದಲು ಮತ್ತೆ ತೊಡಿಸಿಟ್ಟಿದ್ದಾಳೆ.
ಹದಿನಾರನೆಯ ದಿನ ಕಿಟಕಿಯಲ್ಲಿ
ಹಿಮ್ಮಡಿ ಇರಲಿಲ್ಲ.

ಅವತ್ತು ಏನೇನೋ ಅಂದೆ. ನೆನಪಿರುವುದು ಒಂದೇ:
"ಬಾಣಂತನದಲ್ಲಿ ಹಳೇ ಸೀರೆ ಸೀಳಿ
ನನ್ನ ಸೊಂಟಕ್ಕೆ ಬಿಗಿದೋರು ಯಾರತ್ತೆ?
ಉಸಿರು ಕಟ್ತೈತೆ ಅಂದ್ರೆ
ತಡ್ಕೋ, ಮೂಳೆ ಇನ್ನೂ ಹಸಿ ಅಂದೋರು ಯಾರು?"
ಅತ್ತೆ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು.
ಮತ್ತೆ ಎತ್ತಿಕೊಂಡಳು. ಕೇರಲಿಲ್ಲ.

ಇನ್ನೆರಡು ಪ್ಲಾಸ್ಟರ್.
ಬಸ್ಸಿನಲ್ಲಿ ಅವನನ್ನು ತೊಡೆಯ ಮೇಲೆ ಹೊತ್ತವಳು ಅವಳೇ.
ಸಾಬರ ಎದುರು ನೆಲದಲ್ಲಿ ಕೂತು ಬಕಲು ಕಲಿತಳು,
ಮೊದಲು ನಡುವಿನದು, ಮೊದಲು ನಡುವಿನದು ಎಂದು
ದಾರಿಯುದ್ದಕ್ಕೂ ಬಾಯಿಪಾಠ.
ಕಣ್ಣಿಗೆ ಪೊರೆ, ಕಿಟಕಿ ಕಾಣದು.
ಕಿರುಬೆರಳ ತುದಿ ಅದರೊಳಗೆ ತೂರಿಸಿ ಮುಟ್ಟಿ ನೋಡಿ
"ಹ್ಞೂಂ, ಬಂದವ್ನೆ" ಅನ್ನುತ್ತಾಳೆ.

ಈಗ ಕೋದಂಡನಿಗೆ ಮೂರು ವರ್ಷ.
ಹಗಲೆಲ್ಲ ಬರಿಗಾಲು, ಪಕ್ಕದ ಮನೆಯ ಕೋಳಿಗೆ ನೆಮ್ಮದಿಯಿಲ್ಲ.
ಸರಳು ರಾತ್ರಿಗೆ ಮಾತ್ರ.
ನಿದ್ದೆಯಲ್ಲಿ ಹೊರಳಿದರೆ ಎರಡೂ ಕಾಲು ಒಟ್ಟಿಗೇ ಎದ್ದು
ಗೋಡೆಗೆ ಠಣ್.
ಅಲ್ಲಿ ಗಾರೆ ಉದುರಿ ಇಟ್ಟಿಗೆ ಕಾಣುತ್ತಿದೆ.

ಚಿಕ್ಕದಾದ ಬೂಟು ವಾಪಸು ಕೊಟ್ಟೆವು.
ಶ್ರೀನಿವಾಸಪುರದ ಕಡೆಯ ಹೆಣ್ಣುಕೂಸಿಗೆ ಹೋಯಿತಂತೆ.
ಮೇಲಿನ ಪಟ್ಟಿಯ ತುದಿಯಲ್ಲಿ
ಅವನ ಮೊದಲ ಹಲ್ಲಿನ ಗುರುತಿದೆ.
ಆ ತಾಯಿ ಅದನ್ನು
ಇಲಿ ಕಡಿದದ್ದು ಅಂದುಕೊಂಡಾಳು.